ಬೀದಿಗೆ ಕೇಳಬಾರದು ಎಂದೆ, ಸೂಲಗಿತ್ತಿಗಲ್ಲ

ತಂಗಿ,

ನೀನು ಅಕ್ಕ ಎಂದು ಕರೆದು ಬರೆದಿದ್ದೀಯ, ಹಾಗಾಗಿ ‘ನೀವು’ ಬಿಟ್ಟು ‘ನೀನು’ ಎಂದೇ ಬರೆಯುತ್ತೇನೆ. ಕೊರಟಗೆರೆಯಿಂದ ಇಂಗ್ಲೆಂಡಿಗೆ ಬಂದು ಎಂಟು ತಿಂಗಳು, ಈಗ ಐದು ತಿಂಗಳ ಬಸುರಿ ಎಂದಿದ್ದೀಯ. ಇಲ್ಲಿ ಡಾಕ್ಟರನ್ನೇ ತೋರಿಸುವುದಿಲ್ಲ, ನರ್ಸ್ ನೋಡಿ ಕಳುಹಿಸುತ್ತಾರೆ, ಸ್ಕ್ಯಾನ್ ಕೂಡ ಎರಡೇ ಅಂತೆ, ಹೆರಿಗೆಗೆ ತವರಿಗೇ ಹೋಗಿಬಿಡಲೇ ಎಂದು ಕೇಳಿದ್ದೀಯ. ಕೊನೆಯಲ್ಲಿ ಇನ್ನೊಂದು ಸಾಲು: ‘ನಿಮಗೆ ಮೊದಲ ಹೆರಿಗೆ ಬಹಳ ಕಷ್ಟವಾಯಿತಂತೆ, ಎರಡನೆಯದು ಚೆನ್ನಾಗಿ ಆಯಿತಂತೆ. ಎರಡನೆಯ ಸಲ ಏನು ಮಾಡಿದಿರಿ?’ ಆ ಸಾಲಿಗೆ ಉತ್ತರ ಬರೆಯಲು ಎರಡು ದಿನ ಹಿಡಿಯಿತು.

ಮೊದಲು ಸುಲಭದವನ್ನು ಮುಗಿಸುತ್ತೇನೆ. ವೀಸಾ ಜೊತೆಗೆ ಆರೋಗ್ಯದ ಸರ್‌ಚಾರ್ಜ್ ಕಟ್ಟಿದ್ದೀರಲ್ಲ, ಹೆರಿಗೆಗೆ ಬೇರೆ ದುಡ್ಡಿಲ್ಲ. ಔಷಧಿಗೂ ಇಲ್ಲ, ನಿನ್ನ ಬಸಿರನ್ನು ನೋಡುತ್ತಿರುವ ಮಿಡ್‌ವೈಫ್ ಬಳಿ ವಿನಾಯಿತಿ ಪತ್ರಕ್ಕೆ ಅರ್ಜಿ ಹಾಕಿಸಿಕೋ, ಮಗುವಿಗೆ ವರ್ಷ ತುಂಬುವವರೆಗೂ ನಡೆಯುತ್ತದೆ. ತೊಂದರೆಯಿಲ್ಲದ ಬಸಿರಿಗೆ ಎರಡೇ ಸ್ಕ್ಯಾನ್ ಎನ್ನುವುದು ನಿಜ, ಅದಕ್ಕೆ ಹೆದರಬೇಡ. ಎರಡನೆಯ ಸ್ಕ್ಯಾನ್ ನಿನಗೆ ಈಗ ಬರುತ್ತದೆ. ಗಂಡೋ ಹೆಣ್ಣೋ ಹೇಳೋಣವೇ ಎಂದು ಅವರೇ ಕೇಳಬಹುದು. ನಮ್ಮಲ್ಲಿ 1994ರ ಕಾಯ್ದೆಯ ಪ್ರಕಾರ ಹೇಳುವುದೂ ಕೇಳುವುದೂ ಅಪರಾಧ, ಇಲ್ಲಿ ಅಲ್ಲ. ನಾನು ಎರಡು ಸಲವೂ ಬೇಡ ಎಂದೆ. ನೀನೂ ಬೇಡ ಎನ್ನುವುದೇ ಒಳ್ಳೆಯದು, ಗೊತ್ತಾದರೆ ಫೋನಿನಲ್ಲಿ ಊರಿನ ಎಲ್ಲರಿಗೂ ಉತ್ತರ ಕೊಡಬೇಕಾಗುತ್ತದೆ. 24ರಿಂದ 28ನೇ ವಾರದೊಳಗೆ ಸಕ್ಕರೆ ನೀರು ಕುಡಿಸಿ ಎರಡು ಗಂಟೆ ಕೂರಿಸಿ ರಕ್ತ ತೆಗೆಯುತ್ತಾರೆ, ನಮ್ಮ ಕಡೆಯವರಿಗೆ ಬಸಿರಿನ ಸಕ್ಕರೆ ಕಾಯಿಲೆ ಹೆಚ್ಚು ಎಂದು. ಕರೆಯದಿದ್ದರೆ ನೀನೇ ಕೇಳು.

ತವರಿಗೆ ಹೋಗುವ ಮಾತು. ಚೊಚ್ಚಲ ಹೆರಿಗೆ ತವರಿನದು ಎಂದು ನಿನಗೆ ಹೇಳಿಕೊಡಬೇಕಿಲ್ಲ. ಹೋಗುವುದಾದರೆ ಬೇಗ ನಿರ್ಧರಿಸು, 28 ವಾರ ದಾಟಿದ ಮೇಲೆ ಬಹುಪಾಲು ವಿಮಾನ ಕಂಪನಿಗಳು ವೈದ್ಯರ ಪತ್ರ ಕೇಳುತ್ತವೆ, ಕೊನೆಯ ವಾರಗಳಲ್ಲಿ ಹತ್ತಿಸಿಕೊಳ್ಳುವುದೇ ಇಲ್ಲ. ಹೋಗಬೇಡ ಎಂದು ನಾನು ಹೇಳಲಾರೆ. ನಾನು ಹೋಗಲಿಲ್ಲ, ಅಮ್ಮನನ್ನೂ ಕರೆಸಿಕೊಳ್ಳಲಿಲ್ಲ. ಟಿಕೆಟ್ಟು, ವೀಸಾ, ಸುಮ್ಮನೆ ಖರ್ಚು, ನಾವಿಬ್ಬರೇ ನಿಭಾಯಿಸುತ್ತೇವೆ ಎಂದುಬಿಟ್ಟೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ನಾನು ಬಂದದ್ದು 2012ರ ನವೆಂಬರಿನಲ್ಲಿ. ಸಂಜೆ ನಾಲ್ಕಕ್ಕೇ ಕತ್ತಲು. ಮಧುಗಿರಿಯಲ್ಲಿ ಬಾಗಿಲು ತೆರೆದರೆ ಎದುರಿಗೆ ಬೆಟ್ಟ, ಇಲ್ಲಿ ಎದುರುಮನೆಯ ಮುಚ್ಚಿದ ಪರದೆ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದಿದವಳು, ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. 2014ರಲ್ಲಿ ಮೊದಲ ಬಸಿರು. ಅಮ್ಮ ಫೋನಿನಲ್ಲಿ ದಿನವೂ ಹೇಳುತ್ತಿದ್ದ ಮಾತು ಒಂದೇ: ‘ಬೇನೆ ಬಂದಾಗ ಕಿರುಚಬೇಡ, ಬೀದಿಗೆ ಕೇಳಬಾರದು. ಹಲ್ಲು ಕಚ್ಚಿ ತಡೆದುಕೋ.’ ನಿನ್ನ ಅಮ್ಮನೂ ಇದನ್ನೇ ಹೇಳಿರುತ್ತಾರೆ.

ಇಲ್ಲಿ ಬೇನೆ ಶುರುವಾದ ಕೂಡಲೇ ಆಸ್ಪತ್ರೆಗೆ ಹೋಗುವಂತಿಲ್ಲ. ಮೊದಲು ಹೆರಿಗೆ ವಿಭಾಗಕ್ಕೆ ಫೋನ್ ಮಾಡಬೇಕು. ಅವರು ಕೇಳಿ, ಅಳೆದು, ಬಾ ಎನ್ನುತ್ತಾರೆ ಅಥವಾ ಮನೆಯಲ್ಲೇ ಇರು ಎನ್ನುತ್ತಾರೆ. ಆ ರಾತ್ರಿ ಮೂರು ಸಲ ಫೋನ್ ಮಾಡಿದೆ. ನೋವು ಹತ್ತಕ್ಕೆ ಎಷ್ಟಿದೆ ಎಂದು ಮೂರು ಸಲವೂ ಕೇಳಿದರು. ಸೊಂಟ ಮುರಿದು ಬೀಳುವ ಹಾಗಿತ್ತು. ಗೋಡೆಗೆ ಹಣೆ ಒತ್ತಿಕೊಂಡು ನಿಂತು ಮೆಲ್ಲಗೆ ‘ನಾಲ್ಕು’ ಎಂದೆ. ಥ್ಯಾಂಕ್ಯೂ ಎಂದೂ ಹೇಳಿದೆ. ಒಂಬತ್ತು ಎನ್ನಲು ನಾಲಿಗೆ ಏಳಲಿಲ್ಲ. ಒಂಬತ್ತು ಎಂದರೆ ಮರ್ಯಾದೆ ಬಿಟ್ಟ ಹೆಂಗಸು ಎಂದುಕೊಳ್ಳುತ್ತಾರೇನೋ ಎನ್ನಿಸಿತು. ಪ್ಯಾರಾಸಿಟಮಾಲ್ ತೆಗೆದುಕೊಂಡು ಬಿಸಿನೀರಿನ ಸ್ನಾನ ಮಾಡಿ ಎಂದರು.

ಬೆಳಿಗ್ಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಅಲ್ಲಿಯೂ ಹಲ್ಲು ಕಚ್ಚಿಕೊಂಡೇ ಮಲಗಿದೆ, ಇವಳು ಆರಾಮವಾಗಿದ್ದಾಳೆ ಎಂದು ಬೇರೆಯವರ ಕಡೆ ಹೋದರು. ನಮ್ಮ ಯಜಮಾನರನ್ನು ನಾನೇ ಹೊರಗೆ ಕಳುಹಿಸಿದ್ದೆ. ಹೆರಿಗೆ ಕೋಣೆಯಲ್ಲಿ ಗಂಡಸಿಗೆ ಏನು ಕೆಲಸ ಎಂದು ನಮ್ಮಿಬ್ಬರಿಗೂ ಅನ್ನಿಸಿತ್ತು. ನನ್ನ ಪರವಾಗಿ ಬಾಯಿ ತೆರೆಯಲು ಯಾರೂ ಇರಲಿಲ್ಲ. ಮಧ್ಯಾಹ್ನ ಮಗುವಿನ ಎದೆಬಡಿತ ಕುಸಿಯಿತು. ಗಂಟೆ ಬಾರಿಸಿತು, ಏಳೆಂಟು ಜನ ಓಡಿ ಬಂದರು, ಯಾರೋ ಕಾಗದ ಹಿಡಿದರು, ಓದದೆ ಸಹಿ ಹಾಕಿದೆ. ಬೆನ್ನಿಗೆ ಸೂಜಿ ಹಾಕುವಷ್ಟು ಸಮಯವಿಲ್ಲ ಎಂದು ಪೂರ್ತಿ ಪ್ರಜ್ಞೆ ತಪ್ಪಿಸಿ ಸಿಸೇರಿಯನ್ ಮಾಡಿದರು. ಹಾಗೆ ಮಾಡುವಾಗ ಗಂಡನನ್ನು ಒಳಗೆ ಬಿಡುವುದಿಲ್ಲ.

ನನ್ನ ಮಗ ಹುಟ್ಟಿದ್ದನ್ನು ನಾನು ನೋಡಲಿಲ್ಲ, ಅವನ ಅಪ್ಪನೂ ನೋಡಲಿಲ್ಲ. ಅವನ ಮೊದಲ ಅಳು ಕೇಳಿದವರು ನಮಗೆ ಹೆಸರೂ ಗೊತ್ತಿಲ್ಲದವರು. ಮಗು ಗಟ್ಟಿಯಾಗಿ ಉಳಿಯಿತು, ಈಗ ನನ್ನ ಭುಜ ದಾಟಿ ಬೆಳೆದಿದ್ದಾನೆ. ಆದರೂ ಅವನ ಪ್ರತಿ ಹುಟ್ಟುಹಬ್ಬದ ದಿನ ಮಧ್ಯಾಹ್ನ ಆ ಹೊತ್ತಿಗೆ ಎಲ್ಲಾದರೂ ಒಬ್ಬಳೇ ಹೋಗಿ ಕೂರುತ್ತೇನೆ. ಅಮ್ಮನಿಗೆ ಅಂದು ಫೋನಿನಲ್ಲಿ ‘ಎಲ್ಲ ಚೆನ್ನಾಗಿ ಆಯಿತು’ ಎಂದೆ. ಅವರು ದಂಡಿನ ಮಾರಮ್ಮನಿಗೆ ಹರಕೆ ತೀರಿಸಿ ಬಂದರು. ಮೂರು ವರ್ಷ ಅದೇ ಸುಳ್ಳನ್ನು ಸಾಕಿದೆ.

ಮತ್ತೆ ಬಸುರಿಯಾದದ್ದು 2017ರ ಕೊನೆಯಲ್ಲಿ. ಸಂತೋಷಕ್ಕಿಂತ ಮೊದಲು ಕೈ ನಡುಗಿತು. ಮೊದಲ ಭೇಟಿಯಲ್ಲೇ ಮಿಡ್‌ವೈಫ್ ‘ಹಿಂದಿನ ಹೆರಿಗೆ ಹೇಗಿತ್ತು’ ಎಂದು ಕೇಳಿದಾಗ ಉತ್ತರ ಬರಲಿಲ್ಲ, ಅಳು ಬಂತು. ಅವರು ಪೆನ್ನು ಕೆಳಗಿಟ್ಟು ಕಾದರು. ಹಿಂದಿನ ಹೆರಿಗೆಯ ಕಡತ ತರಿಸಿಕೊಂಡು, ಅನುಭವಸ್ಥ ಮಿಡ್‌ವೈಫ್ ಒಬ್ಬರ ಜೊತೆ ಕೂತು, ಏನಾಯಿತು, ಏಕಾಯಿತು ಎಂದು ಪುಟಪುಟವಾಗಿ ಕೇಳಿ ತಿಳಿಯುವ ಅವಕಾಶ ಇಲ್ಲಿನ ಬಹಳಷ್ಟು ಆಸ್ಪತ್ರೆಗಳಲ್ಲಿ ಇದೆ ಎಂದು ಅವರಿಂದಲೇ ಗೊತ್ತಾಯಿತು. ಮೂರು ವರ್ಷ ಅದನ್ನು ಕೇಳದೆ ಬರೀ ಆ ಆಸ್ಪತ್ರೆಯನ್ನು ಬೈದುಕೊಂಡು ಕೂತಿದ್ದೆ.

ಕಡತದಲ್ಲಿ ಆ ರಾತ್ರಿಯ ಮೂರು ಕರೆಗಳೂ ಇದ್ದವು. ಮೂರರ ಮುಂದೆಯೂ ಒಂದೇ ಬರಹ: ನೋವು ಹತ್ತಕ್ಕೆ ನಾಲ್ಕು, ತಾಯಿ ಸಮಾಧಾನವಾಗಿ ಮಾತನಾಡುತ್ತಿದ್ದಾರೆ. ನನ್ನದೇ ಸಂಖ್ಯೆಯನ್ನು ನಾನು ಎಷ್ಟೋ ಹೊತ್ತು ನೋಡಿದೆ. ತಪ್ಪು ನನ್ನೊಬ್ಬಳದಲ್ಲ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಮೂರನೆಯ ಸಲ ಫೋನ್ ಮಾಡಿದವಳನ್ನು ಸಂಖ್ಯೆ ಕೇಳಿ ಬಿಡಬಾರದಿತ್ತು, ಬಾ ಎನ್ನಬೇಕಿತ್ತು. ಎದುರಿಗೆ ಕೂತಿದ್ದ ಮಿಡ್‌ವೈಫ್ ಅದನ್ನು ಒಪ್ಪಿ ಕ್ಷಮೆ ಕೇಳಿದರು. ಆ ಕ್ಷಮೆ ನನಗೆ ಔಷಧಿಯ ಹಾಗೆ ಹತ್ತಿತು. ಮಗುವಿನ ಬೆನ್ನು ನನ್ನ ಬೆನ್ನಿನ ಕಡೆಗಿತ್ತು, ಅದಕ್ಕೇ ಅಷ್ಟು ಸೊಂಟನೋವು, ಬೇಗ ಬಂದಿದ್ದರೆ ನೋವಿಗಾದರೂ ಉಪಾಯ ಮಾಡಬಹುದಿತ್ತು, ಅಷ್ಟು ಅವಸರವಾಗುತ್ತಿರಲಿಲ್ಲವೇನೋ ಎಂದರು.

ಅದೇ ದಿನಗಳಲ್ಲಿ, 2018ರ ಜನವರಿಯಲ್ಲಿ, ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತು. ನಿನಗೂ ನೆನಪಿರಬಹುದು. ಕೃಷ್ಣಾಪುರದ ಅಜ್ಜಿ, ಶಾಲೆಗೆ ಹೋದವರಲ್ಲ, 15,000ಕ್ಕೂ ಹೆಚ್ಚು ಹೆರಿಗೆ, ಒಂದು ಪೈಸೆ ಮುಟ್ಟಲಿಲ್ಲ. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಮ್ಮನ ತವರೂ ಪಾವಗಡದ ಕಡೆಯೇ, ಸುದ್ದಿ ಬಂದ ದಿನ ಅಮ್ಮ ಫೋನಿನಲ್ಲಿ ಸಂಭ್ರಮ ಪಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಮೂರು ವರ್ಷದ ಸುಳ್ಳನ್ನು ಒಡೆದು, ಆ ರಾತ್ರಿಯದನ್ನೆಲ್ಲ ಹೇಳಿಬಿಟ್ಟೆ. ನೀನೇ ಹಲ್ಲು ಕಚ್ಚು ಎಂದೆಯಲ್ಲಮ್ಮ ಎಂದೂ ಹೇಳಿದೆ.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ‘ಬೀದಿಗೆ ಕೇಳಬಾರದು ಎಂದೆ ಕಣೇ. ಸೂಲಗಿತ್ತಿಗೆ ಕೇಳಬಾರದು ಎಂದೆನೇ? ಅವಳ ಹತ್ತಿರ ನಾಚಿಕೆ ಏನು? ನಾನು ನಿನ್ನನ್ನು ಹೆರುವಾಗ ಅವಳ ಕೈ ಹಿಡಿದು ಎಲ್ಲಿ ಎಳೆಯುತ್ತಿದೆ, ಎಲ್ಲಿ ಉರಿಯುತ್ತಿದೆ, ಒಂದೂ ಬಿಡದೆ ಹೇಳಿದೆ. ಹೇಳದಿದ್ದರೆ ಅವಳಿಗೆ ಹೇಗೆ ತಿಳಿಯಬೇಕು?’

ತಂಗಿ, ನೀನು ‘ನರ್ಸ್’ ಎಂದು ಬರೆದಿದ್ದೀಯಲ್ಲ, ಅವರು ನರ್ಸ್ ಅಲ್ಲ, ಸೂಲಗಿತ್ತಿ. ಮೂರು ವರ್ಷ ಓದಿ ಪದವಿ ಪಡೆದ ಸೂಲಗಿತ್ತಿ. ಸಹಜವಾಗಿ ನಡೆಯುವ ಹೆರಿಗೆಯನ್ನು ಆರಂಭದಿಂದ ಕೊನೆಯವರೆಗೆ ಅವರೇ ನೋಡುತ್ತಾರೆ, ತೊಡಕು ಬಂದರೆ ಡಾಕ್ಟರನ್ನು ಕರೆಯುತ್ತಾರೆ. ನಮ್ಮೂರಲ್ಲಿ ನಾವು ಕಳೆದುಕೊಂಡದ್ದನ್ನು ಇವರು ಉಳಿಸಿಕೊಂಡಿದ್ದಾರೆ. ಡಾಕ್ಟರ್ ನೋಡಲಿಲ್ಲ ಎಂದು ಬೇಸರ ಪಡಬೇಡ, ಸೂಲಗಿತ್ತಿಯ ಜೊತೆ ಹೇಗೆ ಮಾತಾಡಬೇಕೋ ಹಾಗೆ ಮಾತಾಡು.

ಎರಡನೆಯ ಸಲ ನಾನು ಮಾಡಿದ್ದು ಇಷ್ಟು. ಸಿಸೇರಿಯನ್ ಆದ ಮೇಲೆ ಸಹಜ ಹೆರಿಗೆಗೆ ಪ್ರಯತ್ನಿಸುವುದೋ, ಮತ್ತೆ ಸಿಸೇರಿಯನ್ನೋ ಎಂದು ನನ್ನನ್ನೇ ಕೇಳಿದರು. ಹೀಗೆ ಪ್ರಯತ್ನಿಸುವ ನಾಲ್ವರಲ್ಲಿ ಸುಮಾರು ಮೂವರಿಗೆ ಆಗುತ್ತದೆ, ಹಳೆಯ ಗಾಯ ಒಳಗೆ ಬಿಟ್ಟುಕೊಳ್ಳುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ ಎಂದು ಲೆಕ್ಕ ಮುಂದಿಟ್ಟರು. ನಾನು ಪ್ರಯತ್ನಿಸುತ್ತೇನೆ ಎಂದೆ. ಇದು ನನ್ನ ಆಯ್ಕೆ, ಎಲ್ಲರಿಗೂ ಇದೇ ಸರಿ ಎನ್ನುವುದಿಲ್ಲ. ಕಡತದ ಮೊದಲ ಪುಟದಲ್ಲಿ ಬರೆಸಿದೆ: ಈ ತಾಯಿ ನೋವನ್ನು ಕಡಿಮೆ ಮಾಡಿ ಹೇಳುತ್ತಾರೆ, ಎರಡು ಸಲ ಕೇಳಿ. ಇಂಗ್ಲಿಷ್ ಬರುತ್ತದೆ, ಆದರೂ ನೋವಿನಲ್ಲಿ ಕನ್ನಡಕ್ಕೆ ಹೋಗುತ್ತಾರೆ, ಆಗ ಗಂಡ ಹೇಳುತ್ತಾರೆ. ಹಿಂಡುವುದು, ಸೆಳೆಯುವುದು, ಕಡಿಯುವುದು, ಉರಿಯುವುದು ಎಲ್ಲಕ್ಕೂ ನನ್ನ ಇಂಗ್ಲಿಷಿನಲ್ಲಿ ‘ಪೇನ್’ ಒಂದೇ ಪದವಿತ್ತು. ಅವನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು ಎಂದು ನಾವಿಬ್ಬರೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆವು. ನಿನಗೆ ಭಾಷೆ ಕಷ್ಟವೆನಿಸಿದರೆ ದುಭಾಷಿ ಬೇಕು ಎನ್ನು, ದುಡ್ಡು ಕೇಳುವುದಿಲ್ಲ.

ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದರು. ಜುಲೈ ತಿಂಗಳು, ರಾತ್ರಿ ಹನ್ನೊಂದಕ್ಕೆ ಬೇನೆ. ಫೋನಿನಲ್ಲಿ ಅದೇ ಪ್ರಶ್ನೆ, ಹತ್ತಕ್ಕೆ ಎಷ್ಟು? ಅಮ್ಮ ಪಕ್ಕದಲ್ಲೇ ನಿಂತಿದ್ದರು. ‘ಒಂಬತ್ತು’ ಎಂದೆ. ಈಗಲೇ ಬನ್ನಿ ಎಂದರು.

ಮಗನನ್ನು ಅಮ್ಮ ನೋಡಿಕೊಂಡರು, ಇವರು ನನ್ನ ಜೊತೆ ಒಳಗೆ ಬಂದರು. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನು ಬಿಡದೆ ನೋಡುತ್ತಿದ್ದರು, ಹಳೆಯ ಹೊಲಿಗೆಯಿದ್ದವರಿಗೆ ಹಾಗೆ ಮಾಡುತ್ತಾರೆ. ನೋವಿಗೆ ಉಸಿರಿನಲ್ಲಿ ಎಳೆದುಕೊಳ್ಳುವ ಅನಿಲ ಕೊಟ್ಟರು, ತಲೆ ತಿರುಗಿದರೂ ಹಿಡಿತ ಸಿಕ್ಕಿತು. ಮಧ್ಯವಯಸ್ಸಿನ ಐರಿಷ್ ಸೂಲಗಿತ್ತಿ. ಸೊಂಟವನ್ನು ಅಂಗೈಯಿಂದ ಒತ್ತಿ ಹಿಡಿದು, ಪ್ರತಿ ಬೇನೆಗೂ ‘ಎಲ್ಲಿ ಹೇಳು’ ಎನ್ನುತ್ತಿದ್ದರು. ನಾನು ಹೇಳುತ್ತಲೇ ಇದ್ದೆ. ಕಿರುಚಿದೆ ಕೂಡ. ‘ಕೂಗು, ಚೆನ್ನಾಗಿ ಕೂಗು’ ಎಂದರು. ಬೆಳಗಿನ ಜಾವ ಇವರು ‘ಕೂದಲು ಕಾಣಿಸಿತು, ಕೂದಲು ಕಾಣಿಸಿತು’ ಎಂದು ಕನ್ನಡದಲ್ಲೇ ಕೂಗಿಕೊಂಡರು. ಸೂಲಗಿತ್ತಿಗೆ ಅರ್ಥವಾಗಿ ನಕ್ಕರು. ಹುಟ್ಟಿದ ತಕ್ಷಣ ಮಗಳನ್ನು ಒರೆಸಿ ನನ್ನ ಬರಿಮೈ ಮೇಲೆ ಮಲಗಿಸಿದರು. ಬಿಸಿಯಾಗಿದ್ದಳು. ಅಳುವ ಮೊದಲು ಒಮ್ಮೆ ಕಣ್ಣು ಬಿಟ್ಟು ನೋಡಿದಳು. ಆ ಹೊತ್ತಿನಲ್ಲಿ ಮಗನೂ ಹೀಗೇ ನೋಡಿರಬೇಕು, ಯಾರನ್ನು ನೋಡಿದನೋ ಎನ್ನಿಸಿ ಎರಡಕ್ಕೂ ಒಟ್ಟಿಗೆ ಅತ್ತೆ.

ಬಾಣಂತನ ಅಮ್ಮ ಮಾಡಿದರು. ಮೆಣಸು ಬೆಳ್ಳುಳ್ಳಿಯ ಸಾರು, ಸಬ್ಬಸಿಗೆ ಸೊಪ್ಪು, ತಿಪಟೂರಿನ ಕೊಬ್ಬರಿ, ಬೆಲ್ಲ. ಸಾಂಬ್ರಾಣಿ ಹಾಕಿದರೆ ಮನೆಯ ಹೊಗೆ ಅಲಾರಂ ಕೂಗುತ್ತದೆ, ಬಿಟ್ಟುಬಿಡಿ, ಎಳೆ ಮಗುವಿಗೂ ಅದು ಒಳ್ಳೆಯದಲ್ಲ. ಮಗುವಿಗೆ ವರ್ಷ ತುಂಬುವವರೆಗೆ ಜೇನು ನೆಕ್ಕಿಸಬಾರದು, ಇದನ್ನು ನಿನ್ನ ಅತ್ತೆಗೂ ಹೇಳು. ಮಿಡ್‌ವೈಫ್ ಮನೆಗೇ ಬಂದು ನೋಡುತ್ತಾರೆ, ಬಂದಾಗ ಮನೆ ಒಪ್ಪ ಮಾಡಲು ಓಡಾಡಬೇಡ, ಮಲಗಿಯೇ ಮಾತಾಡು. ಮಗುವಿನ ಹುಟ್ಟನ್ನು 42 ದಿನದೊಳಗೆ ನೋಂದಾಯಿಸಿ. ಮಿಕ್ಕ ಕಾಗದಪತ್ರವನ್ನು ನಿನ್ನ ಯಜಮಾನರು ನೋಡಿಕೊಳ್ಳುತ್ತಾರೆ, ಅವರನ್ನು ಮಾತ್ರ ಹೊರಗೆ ಕಳುಹಿಸಬೇಡ.

ತವರಿಗೆ ಹೋಗದಿದ್ದರೆ ಅಮ್ಮನ ವೀಸಾಕ್ಕೆ ಈ ವಾರವೇ ಅರ್ಜಿ ಹಾಕು, ನನ್ನ ಹಾಗೆ ಖರ್ಚಿನ ಲೆಕ್ಕ ಹಾಕುತ್ತಾ ಕೂರಬೇಡ. ಬರುವಾಗ ತುಪ್ಪ ತರಬಾರದು, ಹಾಲಿನ ಪದಾರ್ಥವನ್ನು ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡುಬಿಡುತ್ತಾರೆ. ಬೆಳ್ಳುಳ್ಳಿಯೂ ಇಲ್ಲೇ ಸಿಗುತ್ತದೆ. ಕೊಬ್ಬರಿ ಮಾತ್ರ ಎರಡು ಕಿಲೋ ಹೆಚ್ಚಿಗೆ ತರಲಿ, ನನಗೂ ಒಂದಿಷ್ಟು ಬೇಕು.