ಸಮುದ್ರಕ್ಕೂ ಜೋನ್ ಇದ್ಯಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ಮಗ ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ಕೆಲಸದಲ್ಲಿದ್ದಾನೆ, ಅಕ್ಟೋಬರ್‌ಗೆ ನಾವಿಬ್ರೂ ಹೋಗ್ತಿದ್ದೀವಿ. ನನಗೆ ಚಿಕ್ಕಂದಿನಿಂದ ಕಾವೇರೀಲಿ ಗಾಳ ಹಾಕೋ ಹುಚ್ಚು. ಅಲ್ಲಿನ ಗ್ರೇಟ್ ಬ್ಯಾರಿಯರ್ ರೀಫ್ ಅನ್ನೋ ಹವಳದ ದಿಬ್ಬಗಳ ಸಮುದ್ರದಲ್ಲಿ ಮೀನು ಹಿಡೀಬೋದಾ? ಮಗ "ಅದು ಪಾರ್ಕು, ಏನೂ ಮುಟ್ಟಂಗಿಲ್ಲ" ಅಂತಾನೆ, ಅವನ ಫ್ರೆಂಡು "ಆರಾಮಾಗಿ ಹಿಡೀರಿ ಅಂಕಲ್" ಅಂತಾನೆ.
– ಸಿದ್ದಾಪುರದ ಓದುಗರು

ಉತ್ತರ: ಇಬ್ರದ್ದೂ ಅರ್ಧರ್ಧ ಸರಿ ಸರ್. ಅದು ಪಾರ್ಕೇ, ಆದ್ರೆ 3,44,400 ಚದರ ಕಿಲೋಮೀಟರ್ ಪಾರ್ಕು, ನಮ್ಮ ಇಡೀ ಕರ್ನಾಟಕಕ್ಕಿಂತ ದೊಡ್ಡದು, ಅಷ್ಟಕ್ಕೂ ಬೀಗ ಹಾಕೋಕಾಗುತ್ತಾ, ಅದಕ್ಕೇ ಜೋನ್ ಮಾಡಿ ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟಿದ್ದಾರೆ. ತಿಳಿ ನೀಲಿ ಮತ್ತು ಕಡು ನೀಲಿ ಜಾಗದಲ್ಲಿ ನಿಮ್ಮಂಥವರು ಗಾಳ ಹಾಕ್ಬೋದು, ಒಬ್ಬರಿಗೆ ಮೂರು ದಾರ, ಎಲ್ಲಾ ಸೇರಿ ಆರು ಕೊಕ್ಕೆ ಮೀರಬಾರದು ಅಷ್ಟೆ. ಕಡು ನೀಲೀಲಿ ಟ್ರಾಲ್ ಬೋಟಿಗೆ ಪ್ರವೇಶ ಇದ್ರೂ ಬಲೆ ಎಳೆಯೋ ಹಾಗಿಲ್ಲ, ಯಾಕಂದ್ರೆ ಆ ಬಲೆ ಸಮುದ್ರದ ತಳಾನೇ ಕೆರೆದುಕೊಂಡು ಹೋಗುತ್ತೆ. ಹಳದೀಲಿ ಒಬ್ಬರಿಗೆ ಒಂದೇ ದಾರ, ಒಂದೇ ಕೊಕ್ಕೆ. ಹಸಿರು ಜೋನ್ ನಮ್ಮ ಕೊಡಗಿನ ದೇವರಕಾಡು ಇದ್ದ ಹಾಗೆ, ಒಳಗೆ ಹೋಗ್ಬೋದು, ಈಜಬೋದು, ಸ್ನಾರ್ಕೆಲ್ ಹಾಕ್ಕೊಂಡು ನೋಡ್ಬೋದು, ಆದ್ರೆ ಏನನ್ನೂ ತೆಗೆಯೋ ಹಾಗಿಲ್ಲ. ಇನ್ನು ಗುಲಾಬಿ ಬಣ್ಣ ಕಂಡ್ರೆ ಆ ಕಡೆ ಹೋಗ್ಲೇಬೇಡಿ, ಪರ್ಮಿಷನ್ ಇಲ್ದೆ ಬೋಟೂ ಒಳಗೆ ಬರಂಗಿಲ್ಲ.

ಹೊಸಬರು ಸಿಕ್ಕಿಬೀಳೋದು ಎಲ್ಲಿ ಅಂದ್ರೆ, ನೀಲಿಯಿಂದ ಇನ್ನೊಂದು ನೀಲಿಗೆ ಹೋಗ್ತಾ ಮಧ್ಯೆ ಹಸಿರು ದಾಟ್ತಾರೆ, ದಾಟೋದು ತಪ್ಪಲ್ಲ, ಆದ್ರೆ ರಾಡು ದಾರ ಎಲ್ಲಾ ಬೋಟೊಳಗೆ ಎತ್ತಿಟ್ಟಿರಬೇಕು, ದಾರ ಬಿಟ್ಕೊಂಡೇ ಹೋದ್ರೆ ಕೇಸು. ನೀರಿನ ಮೇಲೆ ಗೆರೆ ಎಳೆದಿರಲ್ಲ ನೋಡಿ, ಅದಕ್ಕೆ ಜಿಪಿಎಸ್ ಮತ್ತು ಪಾರ್ಕಿನವರ ಜೋನಿಂಗ್ ಮ್ಯಾಪ್ ಫೋನಲ್ಲಿ ಇಟ್ಕೊಳ್ಳಿ. ಅಕ್ಟೋಬರ್ ಅಂದ್ರಲ್ಲ, ಆಗ ಅಮಾವಾಸ್ಯೆ ಆಸುಪಾಸಿನ ಐದು ದಿನ ರೀಫ್ ಮೀನು ಹಿಡಿಯೋದಕ್ಕೆ ರಜೆ, ನವೆಂಬರ್‌ನಲ್ಲೂ ಹಾಗೇ, ಮೀನು ಮೊಟ್ಟೆ ಇಡೋ ಕಾಲ ಅದು, ಹೋಗೋ ಮುಂಚೆ ತಾರೀಖು ನೋಡ್ಕೊಳ್ಳಿ. ಕೋರಲ್ ಟ್ರೌಟ್ ಅನ್ನೋ ರೀಫ್ ಮೀನು 38 ಸೆಂಟಿಮೀಟರ್‌ಗಿಂತ ಚಿಕ್ಕದು ಸಿಕ್ರೆ ವಾಪಸ್ ಬಿಡಬೇಕು. ವಾಲ್ನೂರು ಕಡೆ ಮಹಶೀರ್ ಹಿಡಿದು ಬಿಡೋರನ್ನ ನೀವು ನೋಡೇ ಇರ್ತೀರಿ, ನಿಮಗೇನೂ ಕಷ್ಟ ಅನ್ಸಲ್ಲ.

ಪ್ರಶ್ನೆ: ಅಕ್ಕ, ಮೀನು ಏನು ಗೆರೆ ನೋಡ್ಕೊಂಡು ಈಜುತ್ತಾ? ಸಮುದ್ರದಲ್ಲಿ ಪಾರ್ಕ್ ಮಾಡೋದು ಅಂದ್ರೆ ಕೊನೆಗೆ ಬಡ ಮೀನುಗಾರನನ್ನ ಹೊರಗೆ ಹಾಕೋದೇ ಅಲ್ವಾ? ನಾಗರಹೊಳೆ ಹಾಡಿಗಳ ಕತೆ ನಾವು ನೋಡಿದೀವಿ.
– ಗೋಣಿಕೊಪ್ಪದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಒಳ್ಳೇ ಪ್ರಶ್ನೆ ಕಣಮ್ಮ. ಮೀನು ಗೆರೆ ನೋಡಲ್ಲ, ಅದರಿಂದಾನೇ ಈ ಲೆಕ್ಕಾಚಾರ ನಡೆಯೋದು. ಹಸಿರು ಜೋನ್‌ನಲ್ಲಿ ಯಾರೂ ಹಿಡಿಯದೆ ಮೀನು ದೊಡ್ಡದಾಗುತ್ತೆ, ಸಂಖ್ಯೆ ಹೆಚ್ಚುತ್ತೆ, ಮರಿಗಳು ನೀರಿನ ಸೆಳೆತಕ್ಕೆ ಹೊರಗೆ ತೇಲ್ಕೊಂಡು ಹೋಗ್ತವೆ. ಅದೇ ಬ್ಯಾರಿಯರ್ ರೀಫ್‌ನ ಕೆಪ್ಪೆಲ್ ದ್ವೀಪಗಳ ಹತ್ರ ವಿಜ್ಞಾನಿಗಳು ಮರಿಮೀನುಗಳ ಡಿಎನ್‌ಎ ಹಿಡಿದು ಅಪ್ಪ ಅಮ್ಮ ಯಾರು ಅಂತ ಹುಡುಕಿದ್ರು, 2012ರಲ್ಲಿ ಅದು ಪ್ರಕಟ ಆಯ್ತು. ಅಲ್ಲಿ ಮೀನು ಹಿಡಿಯೋದು ನಿಲ್ಲಿಸಿದ್ದು ಆ ದ್ವೀಪಗಳ ಸುತ್ತಿನ ರೀಫ್‌ನ 28 ಪರ್ಸೆಂಟ್ ಜಾಗದಲ್ಲಿ, ಆದ್ರೆ ಸುತ್ತ 30 ಕಿಲೋಮೀಟರ್‌ನಲ್ಲಿ ನೆಲೆಯಾದ ಮರಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಆ ಜಾಗದ ಮೀನುಗಳದ್ದೇ! ಅಂದ್ರೆ ಗೆರೆ ಆಚೆ ಬಲೆ ಹಾಕೋನಿಗೂ ಪಾಲು ಬರುತ್ತೆ.

ನಿನ್ನ ಎರಡನೇ ಮಾತನ್ನ ನಾನು ಒಪ್ತೀನಿ, ಯಾಕಂದ್ರೆ ಜೋನ್ ಒಳ್ಳೇದೋ ಕೆಟ್ಟದೋ ಅನ್ನೋದು ಗೆರೆ ಎಳೆಯೋವಾಗ ಯಾರನ್ನ ಕೂರಿಸಿಕೊಂಡು ಎಳೆದ್ರು ಅನ್ನೋದರ ಮೇಲಿದೆ. ಬ್ಯಾರಿಯರ್ ರೀಫ್‌ನಲ್ಲಿ 2004ಕ್ಕೆ ಮುಂಚೆ ಮೀನು ಹಿಡಿಯದ ಜಾಗ 5 ಪರ್ಸೆಂಟೂ ಇರ್ಲಿಲ್ಲ, ಆ ವರ್ಷ 33 ಪರ್ಸೆಂಟ್ ಆಯ್ತು. ಅದಕ್ಕೆ ಮೊದಲು ಜನರಿಂದ 31 ಸಾವಿರಕ್ಕೂ ಹೆಚ್ಚು ಅಭಿಪ್ರಾಯ ತಗೊಂಡ್ರು, ನಷ್ಟ ಆದವರಿಗೆ ಸರ್ಕಾರ 20 ಕೋಟಿ ಡಾಲರ್‌ಗೂ ಮೀರಿ ಕೊಡಬೇಕಾಯ್ತು. ನಮ್ಮ ಮನ್ನಾರ್ ಕೊಲ್ಲಿಯಲ್ಲಿ 1986ರಲ್ಲಿ 21 ದ್ವೀಪ ಸೇರಿಸಿ ಮರೈನ್ ನ್ಯಾಷನಲ್ ಪಾರ್ಕ್ ಮಾಡಿದ್ರಲ್ಲ, ತಲೆತಲಾಂತರದಿಂದ ಆ ದ್ವೀಪಗಳ ಸುತ್ತ ಮುಳುಗಿ ಕಡಲಪಾಚಿ ಕೀಳ್ತಿದ್ದ ತಮಿಳುನಾಡಿನ ರಾಮನಾಥಪುರದ ಕಡೆಯ ಹೆಂಗಸರಿಗೆ ಆಮೇಲೆ ಅಲ್ಲಿಗೆ ಹೋಗೋದೇ ಅಪರಾಧ ಆಯ್ತು. ಬರಿಗೈಲಿ ಪಾಚಿ ಕೀಳೋರನ್ನೂ ಟ್ರಾಲ್ ಬೋಟನ್ನೂ ಒಂದೇ ನಿಯಮದಲ್ಲಿ ಕಟ್ಟೋದು ನನಗಂತೂ ಅನ್ಯಾಯ ಅನ್ಸುತ್ತೆ, ಬಣ್ಣ ಬಣ್ಣದ ಜೋನ್ ಬೇಕಾಗಿರೋದೇ ಅಂಥ ಕಡೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಂಡಮಾನ್‌ಗೆ ಹೊರಟಿದ್ದೀವಿ. ಜಾಲಿ ಬಾಯ್, ರೆಡ್ ಸ್ಕಿನ್ ಎರಡೂ ದ್ವೀಪ ನೋಡ್ಬೋದಾ? ಮಕ್ಕಳು ಹವಳದ ಚೂರು ತರಬೇಕು ಅಂತಿದಾರೆ.
– ನಾಪೋಕ್ಲುವಿನ ಓದುಗರು

ಉತ್ತರ: ಎರಡೂ ಒಟ್ಟಿಗೆ ಆಗಲ್ಲ. ಅವು ವಂಡೂರಿನ ಮಹಾತ್ಮ ಗಾಂಧಿ ಮರೈನ್ ನ್ಯಾಷನಲ್ ಪಾರ್ಕಿನವು, ಒಂದು ತೆರೆದಾಗ ಇನ್ನೊಂದಕ್ಕೆ ಬಿಡುವು ಕೊಡ್ತಾರೆ, ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ಜಾಲಿ ಬಾಯ್ ಇರುತ್ತೆ. ಪರ್ಮಿಟ್ ಮೊದಲೇ ಮಾಡಿಸ್ಕೊಳ್ಳಿ, ಸೋಮವಾರ ಇಟ್ಕೋಬೇಡಿ, ರಜೆ. ಒಂದು ಸಲ ಬಳಸಿ ಬಿಸಾಡೋ ಪ್ಲಾಸ್ಟಿಕ್ ಒಯ್ಯೋ ಹಾಗಿಲ್ಲ, ಜೆಟ್ಟೀಲಿ ಬ್ಯಾಗ್ ಚೆಕ್ ಮಾಡ್ತಾರೆ. ಹವಳ ಮಾತ್ರ ಬೇಡವೇ ಬೇಡ, ದಡದಲ್ಲಿ ಬಿದ್ದ ಸತ್ತ ಚೂರೂ ಬೇಡ, ವನ್ಯಜೀವಿ ಕಾಯ್ದೇಲಿ ಹುಲಿ ಇರೋ ಮೊದಲನೇ ಶೆಡ್ಯೂಲ್‌ನಲ್ಲೇ ಹವಳವೂ ಇದೆ. ಮಕ್ಕಳಿಗೆ ನೀರೊಳಗೆ ಹವಳದ ಮೇಲೆ ಕಾಲೂರಬೇಡಿ ಅಂತ ಬೋಟ್ ಹತ್ತೋ ಮುಂಚೇನೇ ಹೇಳಿಬಿಡಿ.