ಇಂಗ್ಲೆಂಡಿನಲ್ಲಿ ನೆರೆಯವರೆಲ್ಲ ಒಪ್ಪಿದರೆ ಪ್ಲಾನಿಂಗ್ ಪರ್ಮಿಷನ್ ಸಿಗುತ್ತದೆಯೇ?

ನೆರೆಯವರು ಬೆಂಬಲದ ಪತ್ರ ಕೊಟ್ಟಿದ್ದಾರೆ, ಇನ್ನು ನಮ್ಮ ವಾರ್ಡಿನ ಕೌನ್ಸಿಲರ್ ಅವರನ್ನೂ ಕಂಡು ಮಾತಾಡಿದರೆ ಹಿತ್ತಲಿನ ಎರಡಂತಸ್ತಿನ ಎಕ್ಸ್‌ಟೆನ್ಷನ್‌ಗೆ ಸ್ಥಳೀಯ ಕೌನ್ಸಿಲ್‌ನಿಂದ ಕಟ್ಟುವ ಅನುಮತಿ ಖಚಿತವೇ ಎಂದು ಕೇಳಿದ್ದೀರಿ. ನಾನೂ ಹೀಗೆಯೇ ನಂಬಿ ಅರ್ಜಿ ಹಾಕಿದ್ದೆ, ಅದು ತಿರಸ್ಕೃತವಾಯಿತು.

ಹಾಸನದಿಂದ ಅಪ್ಪ ಅಮ್ಮ ಬರುವವರಿದ್ದರು. ಅಮ್ಮನಿಗೆ ಮಂಡಿನೋವಿದ್ದುದರಿಂದ ಅವರಿಗೆ ಕೆಳಗೊಂದು ಕೋಣೆ, ಮಕ್ಕಳಿಗೆ ಮೇಲೊಂದು ಕೋಣೆ ಬೇಕಿತ್ತು. ಬೀದಿಯ 11 ಮನೆಗಳಿಗೆ ಹೋಗಿ ಪತ್ರಗಳನ್ನು ಬರೆಸಿಕೊಂಡು ಬಂದೆ. ಅಮ್ಮನ ಆರೋಗ್ಯದ ಬಗ್ಗೆ ಮೂರು ಪುಟಗಳನ್ನು ನಾನೇ ಬರೆದೆ. ಆದರೆ ಕೌನ್ಸಿಲ್‌ನ ಲೋಕಲ್ ಪ್ಲಾನನ್ನಾಗಲಿ (ಆ ಪ್ರದೇಶದಲ್ಲಿ ಎಲ್ಲಿ, ಏನನ್ನು, ಹೇಗೆ ಕಟ್ಟಬಹುದೆಂದು ಹೇಳುವ ದಾಖಲೆ), ಮನೆ ವಿಸ್ತರಣೆಯ ಕುರಿತು ಅವರೇ ಪ್ರಕಟಿಸಿದ್ದ ಮಾರ್ಗಸೂಚಿಯನ್ನಾಗಲಿ ಒಮ್ಮೆಯೂ ತೆರೆದು ನೋಡಲಿಲ್ಲ. ಇದೊಂದು ತಪ್ಪಿನಿಂದಲೇ ನಾನು ಒಂದು ವರ್ಷವನ್ನೂ ನಕ್ಷೆಗೆ ಕೊಟ್ಟ ಹಣವನ್ನೂ ಕಳೆದುಕೊಂಡೆ.

ಅನುಮತಿಯೆಂದರೆ ಜನರ ಒಪ್ಪಿಗೆ ಎಂದು ನಾನು ತಿಳಿದಿದ್ದೆ. ಆದರೆ 2004ರ ಯೋಜನಾ ಕಾಯ್ದೆಯ ಪ್ರಕಾರ, ಬೇರೆ ಬಲವಾದ ಯೋಜನಾ ಕಾರಣಗಳಿಲ್ಲದಿದ್ದರೆ ಕೌನ್ಸಿಲ್ ಲೋಕಲ್ ಪ್ಲಾನಿಗೆ ಅನುಗುಣವಾಗಿಯೇ ತೀರ್ಮಾನಿಸಬೇಕು. ಸ್ಥಳ ನೋಡಲು ಬಂದ ಪ್ಲಾನಿಂಗ್ ಆಫೀಸರ್ ನನ್ನ ಪತ್ರಗಳ ಕಡೆ ಕಣ್ಣು ಹಾಯಿಸಿದರು ಅಷ್ಟೇ. ಬೇಲಿಯ ಪಕ್ಕ ನಿಂತು, ಆಚೆ ಮನೆಯ ಅಡಿಗೆಮನೆಯ ಕಿಟಕಿಯ ಫೋಟೋ ತೆಗೆದುಕೊಂಡು ಹೋದರು. ಕೌನ್ಸಿಲ್‌ನ ಮಾರ್ಗಸೂಚಿಯಂತೆ ಆ ಕಿಟಕಿಯ ಮಧ್ಯದಿಂದ 45 ಡಿಗ್ರಿಯಲ್ಲಿ ಗೆರೆ ಎಳೆದರೆ ನಮ್ಮ ಮೇಲಂತಸ್ತು ಒಂದೂವರೆ ಮೀಟರ್ ಆ ಗೆರೆಯನ್ನು ದಾಟುತ್ತಿತ್ತು. ನೆರೆಮನೆಯ ಬೆಳಕಿಗೆ ಅಡ್ಡಿಯಾಗುತ್ತದೆಂದು ವರದಿಯಲ್ಲಿ ಬರೆದಿದ್ದರು. ಆ ಮನೆಯ ಅಜ್ಜಿಯೇ ಎಲ್ಲರಿಗಿಂತ ಮೊದಲು ಪತ್ರ ಕೊಟ್ಟವರು! ಫೋನಿನಲ್ಲಿ ಕೇಳಿದಾಗ ಆಫೀಸರ್ ತಾಳ್ಮೆಯಿಂದ ವಿವರಿಸಿದರು: ಅನುಮತಿ ಸೇರುವುದು ಜಾಗಕ್ಕೆ, ವ್ಯಕ್ತಿಗಲ್ಲ; ನಾಳೆ ಆ ಅಜ್ಜಿ ಮನೆ ಮಾರಿದರೆ ಅಲ್ಲಿಗೆ ಬರುವವರಿಗೂ ಬೆಳಕು ಬೇಕು. ಅಮ್ಮನ ಮಂಡಿನೋವಿಗೆ ಅಲ್ಲಿ ಹೆಚ್ಚು ತೂಕವಿರಲಿಲ್ಲವೇಕೆಂಬುದೂ ನನಗೆ ಆಗಲೇ ಅರ್ಥವಾದದ್ದು.

ಆದ್ದರಿಂದ ನಿಮ್ಮ ಪ್ರಶ್ನೆಯೇ ದಾರಿ ತಪ್ಪಿದೆ ಎಂದು ನೇರವಾಗಿ ಹೇಳುತ್ತೇನೆ. ನೆರೆಯವರಿಗೆ ಅಭಿಪ್ರಾಯ ಹೇಳಲು ಕೊಡುವ 21 ದಿನಗಳು ಎಣಿಕೆಯ ಮತದಾನವಲ್ಲ. ಆಕ್ಷೇಪ ಒಂದೇ ಬಂದರೂ ಅದು ಬೆಳಕು, ಖಾಸಗಿತನ, ವಾಹನ ಸಂಚಾರದಂಥ ವಿಷಯದ್ದಾದರೆ ತೂಗುತ್ತದೆ. ಮನೆಯ ಬೆಲೆ ಇಳಿಯುತ್ತದೆ ಎಂಬ ಐವತ್ತು ಆಕ್ಷೇಪಗಳು ತೂಗುವುದಿಲ್ಲ. ಹೆಚ್ಚಿನ ಮನೆ ಅರ್ಜಿಗಳನ್ನು ಆಫೀಸರುಗಳೇ ತೀರ್ಮಾನಿಸುತ್ತಾರೆ, ಅದಕ್ಕೆ ಸಾಮಾನ್ಯವಾಗಿ 8 ವಾರಗಳ ಗಡುವು. ಕೌನ್ಸಿಲರ್ ಕೇಳಿಕೊಂಡು ಅರ್ಜಿ ಕೌನ್ಸಿಲರುಗಳ ಪ್ಲಾನಿಂಗ್ ಸಮಿತಿಗೆ ಹೋದರೂ, ಸಮಿತಿಯೂ ಅದೇ ಲೋಕಲ್ ಪ್ಲಾನಿಗೆ ಬದ್ಧವಾದದ್ದು. ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡ ಸದಸ್ಯರು ಅಲ್ಲಿ ಮತ ಹಾಕುವಂತಿಲ್ಲ. ನಮ್ಮ ಊರಿನ ರೂಢಿಯಂತೆ ಕೌನ್ಸಿಲರ್ ಮನೆಗೆ ಹೋಗಿ ಕೂರಬೇಡಿ.

ತಿರಸ್ಕಾರವಾದರೆ 12 ವಾರಗಳೊಳಗೆ, ಇಂಥ ಮೇಲ್ಮನವಿಗಳನ್ನು ತೀರ್ಮಾನಿಸುವ ಸರ್ಕಾರಿ ಸಂಸ್ಥೆಯಾದ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ ಮೇಲ್ಮನವಿ ಸಲ್ಲಿಸಬಹುದು. ನಾನು ಸಲ್ಲಿಸಲಿಲ್ಲ, ಮೇಲಂತಸ್ತನ್ನು ಒಂದೂವರೆ ಮೀಟರ್ ಹಿಂದೆ ಸರಿಸಿ ಹೊಸ ಅರ್ಜಿ ಹಾಕಿದೆ, ಒಂದು ಪತ್ರವೂ ಇಲ್ಲದೆ ಒಪ್ಪಿಗೆ ಬಂತು. ನಿಮ್ಮ ಬೀದಿಯಲ್ಲಿ ಹಿಂದೆ ತಿರಸ್ಕೃತವಾದ ಅರ್ಜಿಗಳ ವರದಿಗಳು ಕೌನ್ಸಿಲ್‌ನ ಜಾಲತಾಣದಲ್ಲಿ ಇರುತ್ತವೆ. ಅವುಗಳಲ್ಲಿ ಎರಡನ್ನಾದರೂ ಓದಿ, ಅಳತೆಪಟ್ಟಿ ಹಿಡಿದು ನೆರೆಮನೆಯ ಕಿಟಕಿಯಿಂದ ನಿಮ್ಮ ನಕ್ಷೆಯ ಮೇಲೆ ಆ ಗೆರೆಯನ್ನು ಇಂದೇ ಎಳೆದು ನೋಡಿ.