ಎಲೆಕ್ಟ್ರಿಕ್ ಬೈಕ್ ಕಟ್ಟಿದೆ, ನಂಬರ್ ಪ್ಲೇಟ್ ಕಟ್ಟೋಕೆ ಆಗಲಿಲ್ಲ

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ದಿನಾ ಕೆಂಗೇರಿಯಿಂದ ಪೀಣ್ಯಕ್ಕೆ ಹೋಗಿ ಬರಬೇಕು. ಗಂಟೆಗೆ 60 ಕಿ.ಮೀ. ಓಡುವ ಎಲೆಕ್ಟ್ರಿಕ್ ಬೈಕ್ ಬೇಕು. ಹಳೇ ಸೈಕಲ್ಲಿಗೋ ಹಳೇ ಬೈಕಿಗೋ ನಾವೇ ಮೋಟಾರ್ ಕೂರಿಸಿದರೆ ಅಗ್ಗ ಆಗಲ್ವಾ? ಅದನ್ನು ಕಾನೂನು ಪ್ರಕಾರ ರಸ್ತೆಗೆ ಇಳಿಸೋದು ಹೇಗೆ? ಇಲ್ಲಾ, ಸುಮ್ನೆ ಶೋರೂಮಿಗೆ ಹೋಗೋದೇ ವಾಸಿಯಾ?

ಶೋರೂಮಿಗೆ ಹೋಗಿ. ನನಗೂ ನಾಲ್ಕು ಜನ ಇದನ್ನೇ ಹೇಳಿದ್ದರು. ನಾನು ಕೇಳದೆ ಕಟ್ಟಿದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

2021ರಲ್ಲಿ ಮನೆಯಿಂದಲೇ ಕೆಲಸ. ಸಂಜೆ ಯೂಟ್ಯೂಬ್ ನೋಡಿ ನೋಡಿ ಹುಚ್ಚು ಹಿಡಿದು ಸೈಕಲ್ಲಿಗೆ ಹಾಕೋಕೆ 48 ವೋಲ್ಟಿನ, 1000 ವ್ಯಾಟಿನ ಹಬ್ ಮೋಟಾರ್ ಕಿಟ್ ತರಿಸಿದೆ. ಹಬ್ ಮೋಟಾರ್ ಅಂದರೆ ಚಕ್ರದ ನಡುವೆಯೇ ಕೂರುವ ಮೋಟಾರ್, ಚೈನಿನ ಗೊಡವೆ ಇಲ್ಲ. ಬ್ಯಾಟರಿಗೆ 18650 ಅನ್ನೋ ಬೆರಳುದ್ದದ ಲಿಥಿಯಂ ಸೆಲ್ಲು 52. ಹದಿಮೂರು ಸೀರೀಸು, ನಾಲ್ಕು ಪ್ಯಾರಲಲ್. ನಿಕ್ಕಲ್ ಪಟ್ಟಿ, ಬಿ.ಎಂ.ಎಸ್. (ಬ್ಯಾಟರಿ ಕಾಯುವ ಸರ್ಕ್ಯೂಟು), ಶಾರ್ಟ್ ಆಗದ ಹಾಗೆ ಅಂಟಿಸುವ ಬಾರ್ಲಿ ಪೇಪರ್ ಅಂತ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಏಳೆಂಟು ಸಲ ಓಡಾಡಿದೆ. ಸೆಲ್ಲಿಗೆ ಪಟ್ಟಿ ಬೆಸೆಯುವ ಸ್ಪಾಟ್ ವೆಲ್ಡರ್ ಬಾಡಿಗೆಗೆ ಸಿಗಲಿಲ್ಲ, ಅದನ್ನೂ ಕೊಂಡೆ. ಡಿಸ್ಕ್ ಬ್ರೇಕು, ದಪ್ಪ ಟೈರು, ಚಾರ್ಜರು. ಲೆಕ್ಕ ಬರೆಯೋದನ್ನ 55 ಸಾವಿರಕ್ಕೆ ನಿಲ್ಲಿಸಿದೆ, ಹೆಂಡತಿ ಡೈರಿ ನೋಡುತ್ತಾಳೆ ಅಂತ. ಸೈಕಲ್ ಮೊದಲೇ ಮನೆಯಲ್ಲಿ ಇತ್ತು ಅನ್ನೋದು ನೆನಪಿರಲಿ.

ಇಷ್ಟಾಗಿ ಸಿಕ್ಕಿದ್ದೇನು? ಸಮತಟ್ಟು ರಸ್ತೆಯಲ್ಲಿ 45 ಕಿ.ಮೀ. ವೇಗ. ನೀವು ಕೇಳಿದ 60 ಅಲ್ಲ.

ಇದಕ್ಕೆ ಕಾರಣ ಗಾಳಿ. ಸೈಕಲ್ಲಿನ ಮೇಲೆ ನೆಟ್ಟಗೆ ಕೂತು 25ರಲ್ಲಿ ಹೋಗೋಕೆ ಸುಮಾರು 175 ವ್ಯಾಟ್ ಸಾಕು. 45ಕ್ಕೆ ಏರಿಸಿದರೆ 800 ವ್ಯಾಟ್ ಹತ್ತಿರ ಬೇಕು. ವೇಗ ಎರಡರಷ್ಟೂ ಆಗಿಲ್ಲ, ಪವರ್ ನಾಲ್ಕೂವರೆ ಪಟ್ಟು. ಗಾಳಿ ಸೀಳೋಕೆ ಬೇಕಾದ ಪವರ್ ವೇಗದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ನನ್ನ ಬ್ಯಾಟರಿ ಸುಮಾರು 470 ವ್ಯಾಟ್-ಅವರ್. ಪೂರ್ತಿ ಎಳೆದರೆ ಅರ್ಧ ಗಂಟೆಯೊಳಗೆ ಖಾಲಿ. ಅಂದರೆ ಪೀಣ್ಯ ಮುಟ್ಟಬಹುದು, ವಾಪಸ್ ಬರೋಕೆ ಆಫೀಸಲ್ಲಿ ಚಾರ್ಜ್ ಹಾಕಬೇಕು.

ಎರಡನೇ ವಾರ ಒಂದು ಬೆಳಿಗ್ಗೆ, ಇನ್ನೂ ಬೆಳಕು ಹರಿಯದ ಹೊತ್ತಲ್ಲಿ, ಸುಮನಹಳ್ಳಿ ಫ್ಲೈಓವರ್ ಏರುವಾಗ ಹಿಂದಿನಿಂದ ‘ಟಕ್’ ಅಂತ ಸದ್ದು ಬಂತು. ಕಲ್ಲು ಹಾರಿರಬೇಕು ಅಂದುಕೊಂಡೆ. ಮತ್ತೆ ಥ್ರಾಟಲ್ ಕೊಟ್ಟೆ. ಮತ್ತೆ ಟಕ್. ಇಳಿದು ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಎದೆ ಧಸಕ್ ಅಂತು. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ಲು ಹಿಂದಕ್ಕೆ ತಿರುಗೋಕೆ ನೋಡುತ್ತದೆ. ಅದನ್ನು ತಡೆಯೋದು ಆಕ್ಸಲ್ಲಿನ ಎರಡು ಚಪ್ಪಟೆ ಬದಿ ಮತ್ತು ಫ್ರೇಮಿನಲ್ಲಿ ಅದು ಕೂರುವ 10 ಮಿ.ಮೀ. ಸೀಳು, ಅಷ್ಟೇ. ನನ್ನ ಸೈಕಲ್ಲು ಅಲ್ಯೂಮಿನಿಯಂ. ಆ ಸೀಳಿನ ಅಂಚು ಉಗುರಿನಗಲ ಕೆತ್ತಿಹೋಗಿತ್ತು, ಬೆಣ್ಣೆಯಲ್ಲಿ ಚಮಚ ಆಡಿಸಿದ ಹಾಗೆ. ಮೋಟಾರಿನ ವೈರು ಆಕ್ಸಲ್ಲಿನ ಒಳಗಿಂದಲೇ ಬರೋದು. ಅದು ಅರ್ಧ ಸುತ್ತು ತಿರುಚಿಕೊಂಡಿತ್ತು. ಇನ್ನೊಂದು ಸಲ ಜೋರಾಗಿ ಎಳೆದಿದ್ದರೆ ವೈರು ಕತ್ತರಿಸಿ, ಚಕ್ರ ಕಳಚಿ, ಹಿಂದೆ ಬರುತ್ತಿದ್ದ ಹಾಲಿನ ಗಾಡಿಯ ಕೆಳಗೆ ನಾನಿರುತ್ತಿದ್ದೆ.

ತಳ್ಳಿಕೊಂಡು ಬಂದೆ. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯ ಅಣ್ಣ ನೋಡಿ, “ಏನ್ ಸಾರ್, ಸೈಕಲ್ಲಿಗೆ ಟ್ರ್ಯಾಕ್ಟರ್ ಎಂಜಿನ್ ಕಟ್ಟಿದೀರಾ?” ಅಂದ. ಆಮೇಲೆ 6 ಮಿ.ಮೀ. ಉಕ್ಕಿನ ಪಟ್ಟಿಯಲ್ಲಿ ಸೀಳು ಕೊರೆದು, ಅರ ಹಾಕಿ ಉಜ್ಜಿ, ಆಕ್ಸಲ್ಲಿಗೆ ಬಿಗಿಯಾಗಿ ಕೂರುವ ಹಾಗೆ ಮಾಡಿ ಫ್ರೇಮಿಗೆ ಬೋಲ್ಟ್ ಹಾಕಿಕೊಟ್ಟ. ಟಾರ್ಕ್ ಆರ್ಮ್ ಅನ್ನೋದು ಇದಕ್ಕೇ. ಕಿಟ್ಟಿನ ಡಬ್ಬದಲ್ಲಿ ಅದು ಇರಲೇ ಇಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ನನಗೊಂದು ಧೈರ್ಯ ಬಂತು. ಇದನ್ನು ರಿಜಿಸ್ಟರ್ ಮಾಡಿಸಿಬಿಡೋಣ ಅಂತ ಆರ್.ಟಿ.ಒ. ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ತಾಳ್ಮೆಯಿಂದಲೇ ಕೇಳಿಸಿಕೊಂಡರು. ಫೋಟೋ ನೋಡಿ “ಚೆನ್ನಾಗಿ ಮಾಡಿದೀರಿ” ಅಂತಲೂ ಅಂದರು. ಆಮೇಲೆ ಕೇಳಿದರು: “ಫಾರ್ಮ್ 21 ಎಲ್ಲಿ? ಫಾರ್ಮ್ 22 ಎಲ್ಲಿ?”

21 ಅಂದರೆ ಮಾರಾಟದ ಸರ್ಟಿಫಿಕೇಟು, ಡೀಲರ್ ಕೊಡೋದು. 22 ಅಂದರೆ ಈ ಗಾಡಿ ರಸ್ತೆಗೆ ಯೋಗ್ಯ ಅಂತ ತಯಾರಕರು ಕೊಡುವ ಸರ್ಟಿಫಿಕೇಟು. ಅದನ್ನು ಕೊಡಬೇಕಾದರೆ ಆ ಮಾಡೆಲ್ಲು ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಿರಬೇಕು. ಪುಣೆಯ ಎ.ಆರ್.ಎ.ಐ., ಮಾನೇಸರದ ಐಕ್ಯಾಟ್ ಅಂಥವು. ಅಲ್ಲಿ ಪಾಸು ಮಾಡೋದು ಒಂದು ಮಾಡೆಲ್ಲನ್ನು. ಯಾರದೋ ಮನೆಯಲ್ಲಿ ಕಟ್ಟಿದ ಒಂದೇ ಒಂದು ಗಾಡಿಗೆ ಅಂತ ಯಾರೂ ಆ ಖರ್ಚು ಹೊರಲ್ಲ. ನನ್ನ ಹತ್ತಿರ ಇದ್ದದ್ದು ಅಂಗಡಿ ಬಿಲ್ಲುಗಳ ಒಂದು ಕಂತೆ. ವಾಪಸ್ ಬಂದೆ.

ಹೀಗಾಗಿ ನಿಮ್ಮ ‘ಕಾನೂನು ಪ್ರಕಾರ’ ಅನ್ನೋ ಭಾಗಕ್ಕೆ ಉತ್ತರ ಇಲ್ಲಿದೆ. ನಮ್ಮಲ್ಲಿ ರಿಜಿಸ್ಟ್ರೇಷನ್ ಬೇಡದ ಎಲೆಕ್ಟ್ರಿಕ್ ಗಾಡಿ ಅಂದರೆ ಮೋಟಾರಿನ 30 ನಿಮಿಷದ ಪವರ್ 250 ವ್ಯಾಟಿಗಿಂತ ಕಡಿಮೆ ಇರಬೇಕು, ವೇಗ 25 ಕಿ.ಮೀ.ಗಿಂತ ಕಡಿಮೆ ಇರಬೇಕು. 30 ನಿಮಿಷದ ಪವರ್ ಅಂದರೆ ಮೋಟಾರು ಅರ್ಧ ಗಂಟೆ ಒಂದೇ ಸಮನೆ ಕೊಡಬಲ್ಲ ಪವರ್. ಬಾಡಿಗೆಗೆ ಸಿಗುವ ಯುಲು ಗಾಡಿಗಳು ಲೈಸೆನ್ಸ್ ಇಲ್ಲದೆ ಓಡೋದು ಇದರಿಂದಲೇ. ಇದನ್ನು ದಾಟಿದ್ದೆಲ್ಲ ಮೋಟಾರು ವಾಹನ. ಅದಕ್ಕೆ ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಲೈಸೆನ್ಸ್, ಹೆಲ್ಮೆಟ್ ಎಲ್ಲ ಬೇಕು. ಎರಡರ ನಡುವೆ ಏನೂ ಇಲ್ಲ. ಜರ್ಮನಿಯಲ್ಲಿ 45 ಕಿ.ಮೀ. ವರೆಗೆ ಓಡುವ ಎಲೆಕ್ಟ್ರಿಕ್ ಸೈಕಲ್ಲಿಗೆ ಎಸ್-ಪೆಡೆಲೆಕ್ ಅಂತ ಒಂದು ಬಗೆ ಇದೆ, ಅದಕ್ಕೆ ಪುಟ್ಟದೊಂದು ಇನ್ಶೂರೆನ್ಸ್ ಪ್ಲೇಟು. ಯೂಟ್ಯೂಬಿನಲ್ಲಿ ನಾವು ಬಾಯಿ ಬಿಟ್ಟು ನೋಡುವ ಗಾಡಿಗಳಲ್ಲಿ ಎಷ್ಟೋ ಆ ಬಗೆಯವು. ಆ ಖಾನೆ ನಮ್ಮ ಕಾನೂನಿನಲ್ಲಿ ಇಲ್ಲ.

“ಅಷ್ಟಕ್ಕೂ ಸೈಕಲ್ ತಾನೇ, ಯಾರು ಹಿಡೀತಾರೆ?” ಅಂತ ನಿಮಗೂ ಅನ್ನಿಸುತ್ತಿರಬಹುದು. ನನಗೂ ಅನ್ನಿಸಿತ್ತು. ರಿಜಿಸ್ಟ್ರೇಷನ್ ಇಲ್ಲದೆ ಓಡಿಸಿದರೆ ಮೊದಲ ಸಲಕ್ಕೆ 5,000 ರೂಪಾಯಿ ವರೆಗೆ ದಂಡ, ಇನ್ಶೂರೆನ್ಸ್ ಇಲ್ಲದ್ದಕ್ಕೆ 2,000. ಇದನ್ನು ಬೇಕಾದರೆ ಕಟ್ಟಿಬಿಡಬಹುದು. ನನಗೆ ನಿದ್ದೆ ಕೆಡಿಸಿದ್ದು ಬೇರೆ. ನಂಬರ್ ಇಲ್ಲದ ಗಾಡಿಗೆ ಯಾವ ಕಂಪನಿಯೂ ಥರ್ಡ್ ಪಾರ್ಟಿ ಪಾಲಿಸಿ ಕೊಡಲ್ಲ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಯಾರೋ ಅಜ್ಜ ರಸ್ತೆ ದಾಟುವಾಗ ಗುದ್ದಿದೆ ಅಂತಿಟ್ಟುಕೊಳ್ಳಿ. ಟ್ರಿಬ್ಯೂನಲ್ಲು ಹೇಳಿದ ಪರಿಹಾರವನ್ನು ನನ್ನ ಜೇಬಿಂದಲೇ ಕೊಡಬೇಕು. ಅದು ಲಕ್ಷಗಳ ಮಾತು.

ಇನ್ನೊಂದು ದಾರಿ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. 25ರ ಸ್ಕೂಟರ್ ತಗೊಂಡು, ಸ್ಪೀಡ್ ಲಾಕಿನ ವೈರ್ ಕಿತ್ತು, 50ರಲ್ಲಿ ಓಡಿಸೋದು. ಕೆಲವು ಅಂಗಡಿಯವರೇ ಕಣ್ಣು ಹೊಡೆದು ಮಾಡಿಕೊಡುತ್ತಾರೆ. ವೈರ್ ಕಿತ್ತ ಕ್ಷಣವೇ ಅದು ನಂಬರ್ ಇಲ್ಲದ ಮೋಟಾರು ವಾಹನ, ನನ್ನ ಸೈಕಲ್ಲಿನ ಗತಿಯೇ ಅದಕ್ಕೂ. ಮೇಲಾಗಿ ಅದರ ಬ್ರೇಕು 25ಕ್ಕೆ ಅಂತ ಮಾಡಿದ್ದು. ವೇಗ ಎರಡರಷ್ಟಾದರೆ ನಿಲ್ಲಿಸೋಕೆ ಬೇಕಾದ ದೂರ ನಾಲ್ಕರಷ್ಟು. ಇದಕ್ಕಿಂತ ಕೆಟ್ಟ ಐಡಿಯಾ ನಾನು ಕೇಳಿಲ್ಲ.

ಹಳೇ ಪೆಟ್ರೋಲ್ ಬೈಕಿಗೆ ಮೋಟಾರ್ ಕೂರಿಸೋದು ಮಾತ್ರ ಸ್ವಲ್ಪ ಬೇರೆ ಕಥೆ. ಅದಕ್ಕೆ ಕಾನೂನಿನಲ್ಲಿ ಬಾಗಿಲು ಇದೆ. ಎ.ಐ.ಎಸ್.-123 ಅನ್ನೋ ಮಾನದಂಡದ ಪ್ರಕಾರ ಪಾಸಾದ ಕಿಟ್ಟನ್ನು, ಅದು ಯಾವ ಮಾಡೆಲ್ಲಿಗೆ ಪಾಸಾಗಿದೆಯೋ ಅದೇ ಮಾಡೆಲ್ಲಿಗೆ, ಕಿಟ್ ಕಂಪನಿ ಒಪ್ಪಿದ ಕಡೆಯೇ ಹಾಕಿಸಬೇಕು. ಆಮೇಲೆ ಆರ್.ಟಿ.ಒ.ದಲ್ಲಿ ಆರ್.ಸಿ. ತಿದ್ದಿಸಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಎಸ್.ಪಿ. ರೋಡಿನಿಂದ ಮೋಟಾರ್ ತಂದು ಗ್ಯಾರೇಜಿನಲ್ಲಿ ಕೂರಿಸಿದರೆ ಇದು ನಡೆಯಲ್ಲ. ಒಪ್ಪಿಗೆ ಇಲ್ಲದೆ ಗಾಡಿ ಬದಲಾಯಿಸಿದರೆ ಪ್ರತಿ ಬದಲಾವಣೆಗೆ 5,000 ದಂಡ, ಆರು ತಿಂಗಳ ವರೆಗೆ ಜೈಲಿಗೂ ಅವಕಾಶ ಇದೆ. ಅಪ್ಪನ ಕಾಲದ ಬೈಕು, ಬಿಡೋಕೆ ಮನಸ್ಸಿಲ್ಲ ಅನ್ನೋರಿಗೆ ಈ ದಾರಿ ಸರಿ. ದುಡ್ಡು ಉಳಿಸೋಕೆ ಅಂತ ಹೋಗಬೇಡಿ. ಕಿಟ್ಟಿನ ಮೇಲೆ ಬ್ಯಾಟರಿ ಬೆಲೆ ಸೇರಿಸಿದರೆ ಹೊಸ ಸ್ಕೂಟರಿನ ಬಾಗಿಲಿಗೇ ಬಂದು ನಿಲ್ಲುತ್ತೀರಿ.

ಬ್ಯಾಟರಿ ವಿಷಯ ಒಂದು ಹೇಳಿಬಿಡುತ್ತೇನೆ. ನನ್ನ ಪ್ಯಾಕನ್ನು ಚಾರ್ಜಿಗೆ ಹಾಕಿ ಮಲಗಿದ್ದು ಒಂದು ದಿನವೂ ಇಲ್ಲ. ಯುಟಿಲಿಟಿಯಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು, ಕುರ್ಚಿ ಹಾಕಿಕೊಂಡು, ಆಗಾಗ ಅಂಗೈ ಇಟ್ಟು ಬಿಸಿ ನೋಡುತ್ತಿದ್ದೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ನಾನು ಹಾಕಿದ 200 ಚಿಲ್ಲರೆ ವೆಲ್ಡುಗಳಲ್ಲಿ ಯಾವುದು ಸಡಿಲ ಅಂತ ನನಗೇ ಗೊತ್ತಿರಲಿಲ್ಲ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಸುದ್ದಿ ಒಂದರ ಹಿಂದೆ ಒಂದು ಬಂದ ಮೇಲೆ ಕೇಂದ್ರದವರು ಬ್ಯಾಟರಿ ಸುರಕ್ಷತೆಯ ಎ.ಐ.ಎಸ್.-156 ಮಾನದಂಡವನ್ನು ಬಿಗಿ ಮಾಡಿದರು. 2022ರ ಡಿಸೆಂಬರ್ 1ರಿಂದ ಒಂದು ಹಂತ, 2023ರ ಮಾರ್ಚ್ 31ರಿಂದ ಇನ್ನೊಂದು. ಒಂದು ಸೆಲ್ಲು ಕೆಟ್ಟು ಕಾದರೆ ಬೆಂಕಿ ಹೇಗೆ ಹಬ್ಬುತ್ತದೆ, ಪ್ಯಾಕಿನೊಳಗೆ ನೀರು ಹೋಗುತ್ತದಾ ಅಂತೆಲ್ಲ ಪರೀಕ್ಷೆ ಮಾಡುತ್ತಾರೆ. ನನ್ನ ಪ್ಯಾಕಿಗೆ ಇದ್ದ ಪರೀಕ್ಷೆ ನನ್ನ ಅಂಗೈ.

ಕಂಪನಿಯವರಿಗೂ ಇದು ಸುಲಭವಾಗಿ ಬಂದಿಲ್ಲ. ಏಥರ್‌ನವರು 2013ರಲ್ಲಿ ಶುರು ಮಾಡಿದ್ದು, ಸ್ಕೂಟರು ಬೆಂಗಳೂರಿನ ರಸ್ತೆಗೆ ಬಂದದ್ದು 2018ರಲ್ಲಿ. ಅಲ್ಟ್ರಾವಯೊಲೆಟ್‌ನವರು ಎಫ್77 ಬೈಕನ್ನು 2019ರಲ್ಲಿ ತೋರಿಸಿ, ಬಿಡುಗಡೆ ಮಾಡೋಕೆ 2022ರ ನವೆಂಬರ್ ಆಯಿತು. ಹೂಡಿಕೆ, ಎಂಜಿನಿಯರುಗಳು, ಲ್ಯಾಬು ಎಲ್ಲ ಇದ್ದೂ ಇಷ್ಟು. ನಾನು ಮೂರು ತಿಂಗಳಲ್ಲಿ ಮುಗಿಸುತ್ತೇನೆ ಅಂತ ಹೊರಟವನು.

ಸರಿ, ಯಾವುದು ತಗೊಳ್ಳೋದು? ನಿಮ್ಮದು ಹೋಗಿ ಬರೋಕೆ ಸುಮಾರು 40 ಕಿ.ಮೀ., ವೇಗ 60. ಅದಕ್ಕೆ ಎಫ್77 ಥರದ್ದು ಬೇಡವೇ ಬೇಡ. ಅದು 150 ದಾಟುವ ಗಾಡಿ, ಸುಮಾರು 3 ಲಕ್ಷದಿಂದ ಶುರು. ರಿಂಗ್ ರೋಡಿನ ಬೆಳಗಿನ ಟ್ರಾಫಿಕ್ಕಿನಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಸ್ಕೂಟರ್ ಆಗುತ್ತದೆ ಅಂದರೆ ಏಥರ್, ಐಕ್ಯೂಬ್, ಚೇತಕ್‌ಗಳ ಹೆಚ್ಚಿನ ಮಾಡೆಲ್ಲುಗಳು 60 ದಾಟುತ್ತವೆ. ಬೈಕೇ ಬೇಕು ಅಂದರೆ ರಿವೋಲ್ಟ್ ಆರ್‌ವಿ400 ಇದೆ, 85ರ ವರೆಗೆ ಹೋಗುತ್ತದೆ. ಬೆಂಗಳೂರಿನದೇ ಒಬೆನ್ ರೋರ್ ಇದೆ, 100ರ ಹತ್ತಿರ, ಅದರಲ್ಲಿರೋದು ಎಲ್.ಎಫ್.ಪಿ., ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಎಲ್.ಎಫ್.ಪಿ. ತೂಕ ಜಾಸ್ತಿ, ಆದರೆ ಬಿಸಿ ತಡೆಯುತ್ತದೆ, ಬಾಳಿಕೆಯೂ ಜಾಸ್ತಿ. ಕಂಪನಿ ಹೇಳುವ ರೇಂಜಿನಲ್ಲಿ, ಅಂದರೆ ಒಂದು ಚಾರ್ಜಿಗೆ ಓಡುವ ದೂರದಲ್ಲಿ, ಕಾಲು ಭಾಗ ಕಳೆದು ಲೆಕ್ಕ ಹಾಕಿ. ಸರ್ವಿಸ್ ಸೆಂಟರು ಕೆಂಗೇರಿ ಕಡೆ ಇದೆಯಾ ಅಂತ ಮೊದಲು ನೋಡಿ, ಬಣ್ಣ ಆಮೇಲೆ.

ನಾನು ಕೊನೆಗೆ ತಗೊಂಡದ್ದು ಎರಡು ವರ್ಷ ಹಳೆಯ ಸ್ಕೂಟರು. ಸೆಕೆಂಡ್ ಹ್ಯಾಂಡಿಗೆ ಹೋಗುವುದಾದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ರಿಪೋರ್ಟ್ ತೆಗೆಸಿ. ವಾರಂಟಿ ಎರಡನೇ ಓನರಿಗೂ ಬರುತ್ತದಾ ಕೇಳಿ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿ ದಾಖಲೆ ನೋಡಿ. ಹೆಸರು ಬದಲಾಯಿಸೋಕೆ ಫಾರ್ಮ್ 29, 30 ಸಹಿ ಹಾಕಿಸಿಕೊಳ್ಳದೆ ಪೂರ್ತಿ ದುಡ್ಡು ಕೊಡಬೇಡಿ.

ಕೈ ತುರಿಸುತ್ತಿದೆ, ಏನಾದರೂ ಕಟ್ಟಲೇಬೇಕು ಅಂದರೆ 250 ವ್ಯಾಟಿಗಿಂತ ಕಡಿಮೆಯ ಪೆಡಲ್ ಅಸಿಸ್ಟ್ ಕಿಟ್ ತಗೊಳ್ಳಿ, ನಾವು ಪೆಡಲ್ ತುಳಿಯುವಾಗ ಮೋಟಾರು ಕೈಜೋಡಿಸಿ 25ಕ್ಕೆ ಕಟ್ ಆಗೋದು. ಕಾನೂನಿನ ಅಕ್ಷರ ಹಿಡಿದರೆ ಈ ವಿನಾಯಿತಿಗೂ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿರಬೇಕು ಅಂತಿದೆ, ಹಾಗಾಗಿ ಸರ್ಟಿಫಿಕೇಟ್ ಇರುವ ಇ-ಸೈಕಲ್ಲೇ ತಗೊಂಡರೆ ಇನ್ನೂ ನಿಶ್ಚಿಂತೆ. ನನ್ನ 1000 ವ್ಯಾಟಿನ ಮೋಟಾರು ಅಟ್ಟದ ಮೇಲಿದೆ. ಪ್ಯಾಕ್ ಬಿಚ್ಚಿ ಒಳ್ಳೆಯ ಸೆಲ್ಲು ಆರಿಸಿ ಚಿಕ್ಕದೊಂದು ಮಾಡಿದೆ, ಕರೆಂಟ್ ಹೋದಾಗ ವೈಫೈ ರೂಟರಿಗೆ.

ಒಂದು ಮರೆತೆ. ಬುಕ್ ಮಾಡುವ ಮುಂಚೆ ನಿಮ್ಮ ಪಾರ್ಕಿಂಗಿನಲ್ಲಿ ನಿಮ್ಮ ಮೀಟರಿನಿಂದ ಒಂದು ಪ್ಲಗ್ ಎಳೆಸೋಕೆ ಓನರ್ ಒಪ್ಪುತ್ತಾರಾ ಕೇಳಿಕೊಳ್ಳಿ. ನಿಮ್ಮ ಓಡಾಟಕ್ಕೆ ದಿನಕ್ಕೆ ಒಂದೂವರೆ ಯೂನಿಟ್ ಆಸುಪಾಸು ಆಗುತ್ತದೆ, ಅಷ್ಟೇ. ಆದರೆ ನನ್ನ ಓನರಿಗೆ ಅದನ್ನು ನಂಬಿಸೋಕೆ ನಾಲ್ಕು ಭಾನುವಾರ ಬೇಕಾಯಿತು.